ಹಿಮಗಿರಿಯಿಂದ ಹೆಬ್ಬಂಡೆಯ ನಾಡಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಬಲಸಮುದ್ರವೆಂಬುದೊಂದು ಹಳ್ಳಿ. ಹೆಸರಿನಲ್ಲಿ ಸಮುದ್ರವಿದೆಯೆಂದು ಅಲೆಗಳ ಮೊರೆತವನ್ನು ನಿರೀಕ್ಷಿಸುವವರಿಗೆ ಇಲ್ಲಿ ನಿರಾಶೆಯೇ ಸರಿ. ಮಳೆಗಾಗಿ ಮುಗಿಲನ್ನು ನೋಡುತ್ತ ಕುಳಿತ ಬಯಲುಸೀಮೆಯಲ್ಲಿ ಕೆರೆಯೇ ಸಮುದ್ರ. ಆದುದರಿಂದಲೇ ಕನ್ನಡನಾಡಿನ ಎಷ್ಟೋ ಊರುಗಳ ಹೆಸರು ‘ಸಮುದ್ರ’ವೆಂದು ಮುಗಿಯುತ್ತದೆ. ಈ ಸೀಮೆಯಲ್ಲಿ ನಿಜವಾಗಿ ಅಲೆಯಲೆಯಾಗಿ ಎದ್ದು ನಿಂತಿರುವುದು ನೀರಲ್ಲ, ಕಲ್ಲು. ಯಾವ ದಾರಿ ಹಿಡಿದು ಹೊರಟರೂ ಕಡಲೆಕಾಯಿಯ ಹೊಲಗಳ ಆಚೆ, ಹುಣಸೆಯ ತೋಪುಗಳ ಹಿಂದೆ, ಬಂಡೆಯ ಬೆಟ್ಟವೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅವುಗಳಿಗೆಲ್ಲ ಅರಸಿನಂತೆ ನಿಂತಿರುವುದು ಮಧುಗಿರಿಯ ಏಕಶಿಲಾ ಬೆಟ್ಟ. ಸಮುದ್ರಮಟ್ಟದಿಂದ 3,900 ಅಡಿಗೂ ಮಿಕ್ಕಿ ಎತ್ತರವಿರುವ ಆ ಹೆಬ್ಬಂಡೆಯ ಮೈಯ ಮೇಲೆ ಕೋಟೆಯ ಗೋಡೆಗಳು ಹಗ್ಗ ಸುತ್ತಿದಂತೆ ಕಾಣುತ್ತವೆ.

ನಡುಹಗಲಿನಲ್ಲಿ ಈ ಬೆಟ್ಟಗಳಿಗೆ ಬೂದಿಯ ಬಣ್ಣ. ಹೊತ್ತು ಇಳಿಯುತ್ತ ಬಂದಂತೆ ಅದೇ ಬಂಡೆ ಮೊದಲು ಜೇನಿನ ಬಣ್ಣಕ್ಕೆ, ಆಮೇಲೆ ಕಾವಿಗೆ, ಕಟ್ಟಕಡೆಗೆ ನೇರಿಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅರ್ಧ ಗಂಟೆಯೊಳಗೆ ಈ ಆಟವೆಲ್ಲ ಮುಗಿದುಹೋಗುತ್ತದೆ. ಆ ಹೊತ್ತಿಗೆ ದನಗಳನ್ನು ಹೊಡೆದುಕೊಂಡು ಬರುವವರಿಗೂ, ಬಸ್ಸಿನಿಂದಿಳಿದು ಮನೆಯ ದಾರಿ ಹಿಡಿದವರಿಗೂ ಅದರತ್ತ ತಲೆಯೆತ್ತಿ ನೋಡುವಷ್ಟು ಬಿಡುವಿಲ್ಲ. ದಿನವೂ ಕಾಣುವುದನ್ನು ಕಣ್ಣು ನೋಡುವುದಿಲ್ಲ. ಇದು ಲೋಕದ ರೂಢಿ.

ಈ ರೂಢಿಯನ್ನು ಮೀರಿದ ಒಬ್ಬ ಚಿತ್ರಕಾರರು ಕನ್ನಡನಾಡಿನಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬಾಳಿದರು. ಅವರು ಹುಟ್ಟಿದ್ದು ರಷ್ಯಾದೇಶದಲ್ಲಿ. ಬಣ್ಣಗಳ ಮರ್ಮವನ್ನು ಅರಿತದ್ದು ಹಿಮಾಲಯದ ನೆರಳಿನಲ್ಲಿ. ನೆಲೆಸಿದ್ದು, ಕಣ್ಣುಮುಚ್ಚಿದ್ದು ಬೆಂಗಳೂರಿನಲ್ಲಿ. ಅವರೇ ಸ್ವೆತೊಸ್ಲಾವ್ ರೋರಿಕ್.

ಬಂದು ಹೋದವರು

ಪಶ್ಚಿಮದ ಚಿತ್ರಕಾರರು ನಮ್ಮ ಬೆಟ್ಟಗಳನ್ನು ಬರೆದದ್ದು ಅದೇ ಮೊದಲಲ್ಲ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, ಕಾರ್ನ್‌ವಾಲಿಸನ ಸೈನ್ಯದೊಡನೆ ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರನೊಬ್ಬ ಬಂದಿದ್ದನು. ಅವನು ಬರೆದ ಮೈಸೂರು ಸೀಮೆಯ ದೃಶ್ಯಗಳು 1794ರಲ್ಲಿ ಪುಸ್ತಕವಾಗಿ ಹೊರಬಂದುವು. ಸಾವನದುರ್ಗದ ಮಹಾಶಿಲೆ ಅವನ ಕಣ್ಣಿಗೆ ಬಿದ್ದದ್ದು ಗೆಲ್ಲಬೇಕಾದ ಕೋಟೆಯಾಗಿ. ಯುದ್ಧ ಮುಗಿದೊಡನೆ, 1792ರಲ್ಲಿ, ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಡೇನಿಯಲ್ ದಕ್ಷಿಣದ ಪ್ರವಾಸವನ್ನು ಕೈಗೊಂಡರು. ಅವರ ಚಿತ್ರಗಳಲ್ಲಿ ನಮ್ಮ ದುರ್ಗಗಳು ಇಂಗ್ಲೆಂಡಿನ ಶ್ರೀಮಂತರ ಪಡಸಾಲೆಗೆ ಒಪ್ಪುವ ಸೌಮ್ಯರೂಪವನ್ನು ತಾಳಿದುವು.

ಅವರ ಬಳಿಕ ನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ, 1909ರಲ್ಲಿ, ಇಬ್ಬರು ಚೆಕ್ ತರುಣರು ಕುಂಚ ಹಿಡಿದು ಸಿಂಹಳಕ್ಕೆ ಬಂದಿಳಿದರು. ಒಬ್ಬರು ನಿಸರ್ಗಚಿತ್ರಕಾರ ಒತಾಕರ್ ನೆಯೆದ್ಲಿ. ಇನ್ನೊಬ್ಬರು ಅವರ ಗೆಳೆಯ ಯಾರೊಸ್ಲಾವ್ ಹ್ನೆವ್‌ಕೊವ್‌ಸ್ಕಿ. ಭಾರತದ ನೆಲವನ್ನೂ ಕಂಡ ನೆಯೆದ್ಲಿಯವರು ಸ್ವದೇಶಕ್ಕೆ ಹಿಂತಿರುಗಿ ತಮ್ಮ ಅನುಭವಗಳನ್ನು ಪುಸ್ತಕವಾಗಿ ಬರೆದರು. ಮುಂದೆ ಪ್ರಾಗ್ ನಗರದ ಕಲಾ ಅಕಾಡೆಮಿಯಲ್ಲಿ ನಿಸರ್ಗಚಿತ್ರದ ಪ್ರಾಧ್ಯಾಪಕರಾದರು. ಹ್ನೆವ್‌ಕೊವ್‌ಸ್ಕಿಯವರಿಗೆ ಭಾರತದ ಸೆಳೆತ ಅಷ್ಟು ಸುಲಭವಾಗಿ ಬಿಡಲಿಲ್ಲ. ಅವರು ಮತ್ತೆ ಇತ್ತ ಬಂದರು. ಆದರೆ ಅವರೂ ಕೊನೆಗೆ ಹಿಂತಿರುಗಿದವರೇ.

ಇವರೆಲ್ಲರೂ ಬಂದರು, ಕಂಡರು, ಬರೆದರು, ಹೋದರು. ಸೈನಿಕನೊಡನೆ ಬಂದ ಕಣ್ಣಿಗೆ ಬೆಟ್ಟವೆಂದರೆ ಕೋಟೆ. ಪ್ರವಾಸಿಯ ಕಣ್ಣಿಗೆ ಬೆಟ್ಟವೆಂದರೆ ಬೆರಗು. ಒಂದೇ ಬೆಟ್ಟವನ್ನು ಬೇಸಿಗೆಯಲ್ಲಿ ಒಮ್ಮೆ, ಮುಂಗಾರಿನಲ್ಲಿ ಒಮ್ಮೆ, ಬರಗಾಲದಲ್ಲಿ ಮತ್ತೊಮ್ಮೆ ನೋಡುವ ಭಾಗ್ಯ ಇರುವುದು ಅಲ್ಲಿಯೇ ನೆಲೆಸಿದವನಿಗೆ. ಹೊರಗಿನಿಂದ ಬಂದು ಹಾಗೆ ನೆಲೆನಿಂತವರು ರೋರಿಕ್.

ನೆವಾ ನದಿಯಿಂದ ಕುಲು ಕಣಿವೆಗೆ

ಸ್ವೆತೊಸ್ಲಾವ್ ರೋರಿಕ್ ಅವರ ಜನನ 1904ರ ಅಕ್ಟೋಬರ್ 23ರಂದು, ನೆವಾ ನದಿಯ ದಡದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ತಂದೆ ನಿಕೊಲಾಯ್ ರೋರಿಕ್ ಜಗದ್ವಿಖ್ಯಾತ ಚಿತ್ರಕಾರರು. ತಾಯಿ ಹೆಲೆನಾ ಪೌರಸ್ತ್ಯ ತತ್ತ್ವಚಿಂತನೆಯಲ್ಲಿ ಮುಳುಗಿದ ವಿದುಷಿ. ಅಣ್ಣ ಯೂರಿ ಮುಂದೆ ಟಿಬೆಟ್ ಭಾಷೆಯ ಮಹಾವಿದ್ವಾಂಸರೆನಿಸಿದರು. ರಷ್ಯಾದಲ್ಲಿ ಕ್ರಾಂತಿಯ ಬಿರುಗಾಳಿ ಎದ್ದಾಗ ಈ ಕುಟುಂಬ ಫಿನ್ಲೆಂಡಿನಲ್ಲಿತ್ತು. ಅಲ್ಲಿಂದ ಲಂಡನ್ನಿಗೆ, ಲಂಡನ್ನಿನಿಂದ 1920ರಲ್ಲಿ ಅಮೆರಿಕಕ್ಕೆ—ಹೀಗೆ ಸಾಗಿತು ಅವರ ಅಲೆದಾಟ. ಕಿರಿಯ ಮಗ ಕಲಿತದ್ದು ವಾಸ್ತುಶಿಲ್ಪವನ್ನು. ಮನಸ್ಸು ನಾಟಿದ್ದು ಚಿತ್ರಕಲೆಯಲ್ಲಿ.

1923ರ ಕೊನೆಯಲ್ಲಿ ಈ ಕುಟುಂಬ ಮೊದಲ ಬಾರಿಗೆ ಭಾರತದ ನೆಲದ ಮೇಲೆ ಕಾಲಿಟ್ಟಿತು. ಡಾರ್ಜಿಲಿಂಗಿನಿಂದ ಕಾಣುವ ಕಾಂಚನಗಂಗೆಯ ಶಿಖರ ಹತ್ತೊಂಬತ್ತು ವರ್ಷದ ತರುಣನ ಕಣ್ಣಿನಲ್ಲಿ ಅಚ್ಚೊತ್ತಿತು. ಮುಂದೆ ಆ ಶಿಖರವನ್ನು ಅವರು ಮತ್ತೆ ಮತ್ತೆ ಬರೆದರು. 1928ರಲ್ಲಿ ರೋರಿಕ್ ಕುಟುಂಬ ಕುಲು ಕಣಿವೆಯ ನಗ್ಗರ್ ಎಂಬ ಹಳ್ಳಿಯಲ್ಲಿ ನೆಲೆಸಿತು. ಹಿಮಾಲಯದ ಸಸ್ಯ, ಭಾಷೆ, ಜನಜೀವನಗಳ ಅಧ್ಯಯನಕ್ಕಾಗಿ ‘ಉರುಸ್ವತಿ’ ಎಂಬ ಸಂಸ್ಥೆಯನ್ನು ಅವರು ಅಲ್ಲಿ ಕಟ್ಟಿದರು. 1931ರಲ್ಲಿ ಅಮೆರಿಕದಿಂದ ಬಂದು ಸೇರಿಕೊಂಡ ಸ್ವೆತೊಸ್ಲಾವರು ಹಗಲಿನಲ್ಲಿ ಔಷಧಿಯ ಗಿಡಮೂಲಿಕೆಗಳನ್ನು ಹುಡುಕುತ್ತ ಬೆಟ್ಟ ಹತ್ತುವವರು. ಬಿಡುವಾದಾಗ ಕುಂಚ ಹಿಡಿಯುವವರು. ಗಿಡವನ್ನು ಬೇರಿನಿಂದ ಎಲೆಯ ತುದಿಯವರೆಗೆ ಪರೀಕ್ಷಿಸಿ ನೋಡುವ ಅಭ್ಯಾಸ ಕಲಾವಿದನ ಕಣ್ಣಿಗೆ ಎಂಥ ಉಪಕಾರ ಮಾಡುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಂದೆಯವರ ಸಾಧನೆಗಳಲ್ಲಿ ಒಂದನ್ನು ಇಲ್ಲಿ ನೆನೆಯಬೇಕು. ಯುದ್ಧಕಾಲದಲ್ಲಿಯೂ ಕಲಾಮಂದಿರಗಳನ್ನು, ವಿದ್ಯಾಲಯಗಳನ್ನು, ವಸ್ತುಸಂಗ್ರಹಾಲಯಗಳನ್ನು ಯಾರೂ ನಾಶಗೊಳಿಸಕೂಡದೆಂಬ ಒಪ್ಪಂದವನ್ನು ರೂಪಿಸಿದವರು ನಿಕೊಲಾಯ್ ರೋರಿಕ್. 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ 21 ರಾಷ್ಟ್ರಗಳು ಅದಕ್ಕೆ ಸಹಿ ಹಾಕಿದುವು. ಪರರ ಕಲಾನಿಧಿಗಳ ರಕ್ಷಣೆಗೆ ದೇಶದೇಶಗಳನ್ನು ಒಪ್ಪಿಸಿದವರ ಮಗನ ಮನೆಗೇ ಮುಂದೊಂದು ದಿನ ರಕ್ಷಣೆ ಬೇಕಾಗುವುದೆಂದು ಆಗ ಯಾರು ಎಣಿಸಿದ್ದರು?

1942ರಲ್ಲಿ ಜವಾಹರಲಾಲ ನೆಹರೂ ಅವರು ಮಗಳು ಇಂದಿರಾ ಅವರೊಡನೆ ನಗ್ಗರಿಗೆ ಬಂದು ರೋರಿಕ್ ಕುಟುಂಬದ ಅತಿಥಿಗಳಾಗಿದ್ದರು. ಆ ಪರಿಚಯ ಬಾಳಿನುದ್ದಕ್ಕೂ ಉಳಿಯಿತು. ದೆಹಲಿಯ ಸಂಸತ್ ಭವನದ ಸೆಂಟ್ರಲ್ ಹಾಲಿಗಾಗಿ ನೆಹರೂ ಅವರ ಭಾವಚಿತ್ರವನ್ನು ಬರೆದುಕೊಟ್ಟವರೂ ಸ್ವೆತೊಸ್ಲಾವರೇ; ಅದು ಅನಾವರಣಗೊಂಡದ್ದು 1966ರಲ್ಲಿ.

ಬೆಳ್ಳಿತೆರೆಯಿಂದ ಹಸಿರು ತೋಟಕ್ಕೆ

1930ರ ದಶಕದಲ್ಲಿ ಭಾರತದ ಚಲಚ್ಚಿತ್ರಪ್ರೇಮಿಗಳ ಬಾಯಲ್ಲಿ ನಲಿಯುತ್ತಿದ್ದ ಹೆಸರು ದೇವಿಕಾರಾಣಿ. 1934ರಲ್ಲಿ ಪತಿ ಹಿಮಾಂಶು ರಾಯ್ ಅವರೊಡನೆ ಬಾಂಬೆ ಟಾಕೀಸ್ ಸಂಸ್ಥೆಯನ್ನು ಕಟ್ಟಿದವರು ಅವರು; 1936ರ ‘ಅಛೂತ್ ಕನ್ಯಾ’ ಚಿತ್ರದಿಂದ ಮನೆಮಾತಾದವರು. 1940ರಲ್ಲಿ ರಾಯ್ ತೀರಿಕೊಂಡ ಬಳಿಕ ಸಂಸ್ಥೆಯ ಹೊಣೆಯನ್ನು ಕೆಲವು ಕಾಲ ತಾವೇ ಹೊತ್ತರು. 1945ರಲ್ಲಿ ಆ ಪ್ರಪಂಚಕ್ಕೆ ವಿದಾಯ ಹೇಳಿ ಸ್ವೆತೊಸ್ಲಾವ್ ರೋರಿಕ್ ಅವರನ್ನು ವರಿಸಿದರು. ಕೀರ್ತಿಯ ಶಿಖರದಲ್ಲಿದ್ದಾಕೆ ಬೆಟ್ಟದ ತಪ್ಪಲಿನ ಚಿತ್ರಕಾರನ ಮನೆಗೆ ನಡೆದದ್ದನ್ನು ಕಂಡು ಅಂದಿನ ಪತ್ರಿಕೆಗಳು ಬೆರಗಾದುದು ಸಹಜವೇ.

1947ರ ಡಿಸೆಂಬರ್ ತಿಂಗಳಿನಲ್ಲಿ ನಿಕೊಲಾಯ್ ರೋರಿಕ್ ನಿಧನರಾದರು. ಆ ಬಳಿಕ ದಂಪತಿಗಳು ದಕ್ಷಿಣದತ್ತ ಮುಖಮಾಡಿ, 1940ರ ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ನೆಲೆಯೂರಿದರು. ಅವರು ಆರಿಸಿಕೊಂಡದ್ದು ನಗರದ ನಡುವಿನ ಬಂಗಲೆಯನ್ನಲ್ಲ. ಕನಕಪುರ ರಸ್ತೆಯ ಮಗ್ಗುಲಲ್ಲಿ, ಬನ್ನೇರುಘಟ್ಟದ ಕಾಡಿನ ನೆರೆಯಲ್ಲಿ ಹಬ್ಬಿದ್ದ ತಾತಗುಣಿಯ ತೋಟವನ್ನು. ಸುಮಾರು 470 ಎಕರೆಗಳ ಆ ವಿಸ್ತಾರದಲ್ಲಿ ಕೆರೆಯಿತ್ತು, ಹಳೆಯ ಮರಗಳಿದ್ದುವು, ಕಾಡಿನಿಂದ ಆನೆಗಳು ಇಳಿದುಬರುವ ದಾರಿಯಿತ್ತು.

ಅಲ್ಲಿನ ವಿಶೇಷವೆಂದರೆ ಲಿನಲೋ ಮರ. ಮೆಕ್ಸಿಕೋ ದೇಶ ಇದರ ತವರು. ಇದರ ಪುಟ್ಟ ಕಾಯಿಗಳ ಸಿಪ್ಪೆಯನ್ನು ಭಟ್ಟಿಯಿಳಿಸಿದರೆ ಸುವಾಸನೆಯ ಎಣ್ಣೆ ದೊರೆಯುತ್ತದೆ. ಅತ್ತರು, ಸಾಬೂನುಗಳ ತಯಾರಿಕೆಗೆ ಅದು ಬೇಕಾಗುವ ವಸ್ತು. ಗಿಡಮೂಲಿಕೆಗಳ ಬೆನ್ನುಹತ್ತಿ ಹಿಮಾಲಯವನ್ನು ಅಲೆದಿದ್ದ ರೋರಿಕ್ ಅವರಿಗೆ ಈ ಕೃಷಿ ಒಗ್ಗಿತು. ದಂಪತಿಗಳು ಲಿನಲೋ ಬೆಳೆಯನ್ನು ನಂಬಿ ಎಸ್ಟೇಟನ್ನು ನಡೆಸಿದರು. ದೂರದ ದೇಶದಿಂದ ಬಂದು ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಬೇರೂರಿದ ಆ ಮರಕ್ಕೂ ಅದರ ಒಡೆಯರಿಗೂ ಹೋಲಿಕೆ ಇಲ್ಲದಿರಲಿಲ್ಲ.

ಕುಂಚ ಕಂಡ ಕನ್ನಡನಾಡು

ಹಿಮಾಲಯದಲ್ಲಿ ಚಿತ್ರಕಾರನಿಗೆ ಎದುರಾಗುವುದು ತೆಳುವಾದ ಗಾಳಿ, ಕತ್ತಿಯ ಅಲಗಿನಂಥ ಶಿಖರದ ಅಂಚು, ಹಿಮದ ಮೇಲೆ ಮೂಡುವ ನೀಲಿ ನೆರಳು. ದಕ್ಷಿಣದ ಪ್ರಸ್ಥಭೂಮಿಯಲ್ಲಿ ಇವಾವುವೂ ಇಲ್ಲ. ಇಲ್ಲಿರುವುದು ದುಂಡಗಾದ ಬಂಡೆ, ಕೆಂಪು ನೆಲ, ಧೂಳು ತುಂಬಿದ ಹೊಂಬೆಳಕು, ಆ ಬೆಳಕಿನಲ್ಲಿ ಬಾಗಿ ದುಡಿಯುವ ಜನ. ಹಿಮದ ಚಿತ್ರಕಾರ ಇಲ್ಲಿಗೆ ಬಂದಾಗ ತನ್ನ ಬಣ್ಣದ ಬಟ್ಟಲುಗಳನ್ನೇ ಬದಲಿಸಿಕೊಳ್ಳಬೇಕಾಗುತ್ತದೆ.

ರೋರಿಕ್ ಅವರ ಮೆಚ್ಚಿನ ಮಾಧ್ಯಮ ಟೆಂಪೆರಾ. ಬಣ್ಣದ ಪುಡಿಯನ್ನು ಎಣ್ಣೆಯ ಬದಲು ಮೊಟ್ಟೆಯ ಹಳದಿ ಅಥವಾ ಅಂಟಿನಂಥ ವಸ್ತುವಿನಲ್ಲಿ ಕಲಸಿ ಬಳಿಯುವ ಪ್ರಾಚೀನ ವಿಧಾನವಿದು. ಬಣ್ಣ ಬೇಗ ಒಣಗುತ್ತದೆ. ಎಣ್ಣೆಬಣ್ಣದ ಮಿರುಗು ಅದಕ್ಕಿಲ್ಲ. ಗೋಡೆಯ ಮೇಲಿನ ಹಳೆಯ ಭಿತ್ತಿಚಿತ್ರಗಳಂತೆ ಅದು ಒಳಗಿನಿಂದ ಬೆಳಗುತ್ತದೆ. ಕೆಂಪೆಂದರೆ ತುಂಬು ಕೆಂಪು, ಹಳದಿಯೆಂದರೆ ತುಂಬು ಹಳದಿ. ಆಕಾಶ ಕಿತ್ತಳೆಯಾಗಲು ಹಿಂಜರಿಯುವುದಿಲ್ಲ, ಬೆಟ್ಟ ನೇರಿಳೆಯಾಗಲು ನಾಚುವುದಿಲ್ಲ. ಮೊದಲ ಸಲ ನೋಡಿದವರಿಗೆ ‘ಇಷ್ಟು ಬಣ್ಣ ಎಲ್ಲಿಯಾದರೂ ಉಂಟೆ?’ ಎನಿಸುವುದುಂಟು. ಅಂಥವರು ಮಾರ್ಚಿ ತಿಂಗಳಿನ ಒಂದು ಸಂಜೆ ಮಧುಗಿರಿಯ ಸೀಮೆಯಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು ನೋಡಬೇಕು. ಚಿತ್ರಕಾರರು ಉತ್ಪ್ರೇಕ್ಷೆ ಮಾಡಿಲ್ಲವೆಂಬುದು ಮನದಟ್ಟಾಗುತ್ತದೆ.

ತಂದೆಗೂ ಮಗನಿಗೂ ಇರುವ ಭೇದವನ್ನು ಗುರುತಿಸುವುದು ಕಷ್ಟವಲ್ಲ. ನಿಕೊಲಾಯ್ ರೋರಿಕ್ ಅವರ ಹಿಮಾಲಯದಲ್ಲಿ ಬೆಟ್ಟವೇ ಸರ್ವಸ್ವ; ಮನುಷ್ಯನಿದ್ದರೂ ಸಾಸಿವೆಯ ಕಾಳಿನಷ್ಟು. ಮಗನ ಚಿತ್ರಗಳಲ್ಲಿ ಮನುಷ್ಯ ಮುಂದಕ್ಕೆ ಬರುತ್ತಾನೆ. ಹೊಲದಲ್ಲಿ ದುಡಿಯುವವರು, ಹೊರೆ ಹೊತ್ತವರು, ಮರದ ನೆರಳಿನಲ್ಲಿ ಕುಳಿತವರು—ಅವರ ಮೈಯ ಬಾಗಿನಲ್ಲಿಯೂ ಹಿಂದಿನ ಬೆಟ್ಟದ ಬಾಗಿನಲ್ಲಿಯೂ ಒಂದೇ ಗೆರೆ ಹರಿಯುತ್ತದೆ. ನೆಲ ಬೇರೆ, ನೆಲದ ಮಕ್ಕಳು ಬೇರೆ ಎಂದು ಅವರು ಎಣಿಸಲಿಲ್ಲ. ಸೈನ್ಯದೊಡನೆ ಬಂದವನು ಬರೆದ ಸಾವನದುರ್ಗಕ್ಕೂ ಈ ಚಿತ್ರಗಳಿಗೂ ಇರುವ ಅಂತರವೇ ಇದು. ನೆಲೆಸಿದ ಕಣ್ಣಿಗೆ ಬೆಟ್ಟದ ಬುಡದಲ್ಲಿ ಬಾಳುವ ಜನ ಕಾಣಿಸುತ್ತಾರೆ.

ಲೋಕ ಅವರನ್ನು ಗೌರವಿಸದೆ ಇರಲಿಲ್ಲ. 1960ರಲ್ಲಿ ಮಾಸ್ಕೊ ಮತ್ತು ಲೆನಿನ್‌ಗ್ರಾಡ್ ನಗರಗಳಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಬಾಲ್ಯದಲ್ಲಿ ಬಿಟ್ಟುಬಂದ ಊರಿಗೆ ಅವರು ಭಾರತದ ಬಣ್ಣಗಳನ್ನು ಹೊತ್ತು ಹಿಂತಿರುಗಿದಂತಾಯಿತು. 1961ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು. ದೇವಿಕಾರಾಣಿಯವರಿಗೆ 1958ರಲ್ಲಿ ಪದ್ಮಶ್ರೀ ದೊರೆತಿತ್ತು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದವರೂ ಅವರೇ. ಇಷ್ಟೆಲ್ಲ ಆದರೂ ಇಬ್ಬರೂ ಮರಳಿ ಬರುತ್ತಿದ್ದುದು ತಾತಗುಣಿಗೆ.

ಬಲಸಮುದ್ರದಿಂದ ತಾತಗುಣಿಗೆ

ಇವರ ಚಿತ್ರಗಳನ್ನು ಕಾಣಬಯಸುವವರು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಬಲಸಮುದ್ರದ ಕಡೆಯಿಂದ ಹೊರಟವರು ಮಧುಗಿರಿ, ಕೊರಟಗೆರೆಗಳನ್ನು ದಾಟಿ ಡಾಬಸ್‌ಪೇಟೆಯಲ್ಲಿ ಹೆದ್ದಾರಿಯನ್ನು ಸೇರಬಹುದು. ಈ ದಾರಿಯಲ್ಲಿ ಬಸ್ಸಿನ ಕಿಟಕಿಯ ಬಳಿ ಕುಳಿತವರಿಗೆ ಬೆಟ್ಟಗಳ ಮೆರವಣಿಗೆಯೇ ಕಾದಿರುತ್ತದೆ. ಮಧುಗಿರಿಯ ಹೆಬ್ಬಂಡೆ ಹಿಂದೆ ಸರಿದಂತೆ ಕೊರಟಗೆರೆಯ ಬೆಟ್ಟಗಳು ಎದುರುಗೊಳ್ಳುತ್ತವೆ; ಡಾಬಸ್‌ಪೇಟೆಗೆ ಬಂದಾಗ ಶಿವಗಂಗೆಯ ಶಿಖರ ನಂದಿಯಂತೆ ತಲೆಯೆತ್ತುತ್ತದೆ.

ಇವೆಲ್ಲ ಬಿಡಿಬಿಡಿಯಾದ ಬೆಟ್ಟಗಳೆಂದು ತಿಳಿಯಬಾರದು. ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಕಲ್ಲಿನ ಪಟ್ಟಿಯೊಂದು ಕನ್ನಡನಾಡಿನಲ್ಲಿ ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರು ಹಬ್ಬಿದೆ. ಕ್ಲೋಸ್‌ಪೇಟೆಯೆಂಬುದು ಇಂದಿನ ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿ ಕುದಿದ ಶಿಲಾರಸ ಮೆಲ್ಲನೆ ಗಟ್ಟಿಯಾಗಿ ಈ ಕಲ್ಲಾಯಿತು. ಮೇಲಿದ್ದ ಹೊದಿಕೆಯನ್ನು ಮಳೆಗಾಳಿಗಳು ಯುಗಯುಗಗಳ ಕಾಲ ಸವೆಸಿದ ಬಳಿಕ ಅದು ಹೊರಕ್ಕೆ ತಲೆಹಾಕಿತು. ಪಾವಗಡ, ಮಧುಗಿರಿ, ಶಿವಗಂಗೆ, ಸಾವನದುರ್ಗ, ರಾಮನಗರ, ಕನಕಪುರ—ಇವೆಲ್ಲ ಒಂದೇ ಸಾಲಿನ ಮಣಿಗಳು. ತಾತಗುಣಿಯನ್ನು ಹಾದುಹೋಗುವ ಕನಕಪುರದ ರಸ್ತೆ ಮುಂದೆ ಇದೇ ಕಲ್ಲಿನ ನಾಡಿಗೆ ಹೋಗಿ ಸೇರುತ್ತದೆ. ಹೀಗಾಗಿ ಬಲಸಮುದ್ರದ ರೈತ ಮನೆಯಂಗಳದಿಂದ ಕಾಣುವ ಕಲ್ಲೂ ರೋರಿಕ್ ಅವರು ಸುತ್ತಾಡಿದ ಸೀಮೆಯ ಕಲ್ಲೂ ಒಂದೇ ಗರ್ಭದಿಂದ ಬಂದವು.

ಬೆಂಗಳೂರಿನಲ್ಲಿ ಮೊದಲು ನೋಡಬೇಕಾದದ್ದು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. 1960ರಲ್ಲಿ ಹುಟ್ಟಿದ ಈ ಸಂಸ್ಥೆಯನ್ನು ಎಂ. ಎಸ್. ನಂಜುಂಡರಾಯರು ಬೆಳೆಸಿದರು, ರೋರಿಕ್ ಅವರು ಅದಕ್ಕೆ ಬೆಂಬಲವಾಗಿ ನಿಂತರು. ತಂದೆಯ ಚಿತ್ರಗಳನ್ನೂ ತಮ್ಮ ಚಿತ್ರಗಳನ್ನೂ ಅವರು ಪರಿಷತ್ತಿಗೆ ಒಪ್ಪಿಸಿದರು. ಅವರ ಹೆಸರಿನ ಗ್ಯಾಲರಿ ಅಲ್ಲಿದೆ. ಹಿಮಾಲಯದ ನೀಲಿಯನ್ನು ಒಂದೆಡೆ, ದಕ್ಷಿಣದ ಕೆಂಪನ್ನು ಇನ್ನೊಂದೆಡೆ ಒಂದೇ ಸೂರಿನ ಕೆಳಗೆ ನೋಡುವ ಅವಕಾಶ ಇಲ್ಲಿ ಲಭ್ಯ. ಮಕ್ಕಳನ್ನು ಕರೆದುಕೊಂಡು ಹೋದ ತಂದೆತಾಯಿಗಳು ಒಂದೊಂದು ಚಿತ್ರದ ಮುಂದೆ ಎರಡು ನಿಮಿಷವಾದರೂ ನಿಲ್ಲಿಸಿ, ‘ಇದು ಬೆಳಗೋ, ಸಂಜೆಯೋ?’ ಎಂದು ಕೇಳಬಹುದು. ಮಕ್ಕಳು ದೊಡ್ಡವರಿಗಿಂತ ಬೇಗ ಉತ್ತರ ಹೇಳುತ್ತಾರೆ.

ತಾತಗುಣಿಯ ದಾರಿಯೂ ಈಗ ಸುಗಮ. ತುಮಕೂರು ರಸ್ತೆಯ ಮಾದಾವರದಿಂದ ಹೊರಡುವ ಮೆಟ್ರೊ ರೈಲು ನಗರವನ್ನು ಉದ್ದಕ್ಕೂ ದಾಟಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯ ನಿಲ್ದಾಣಕ್ಕೆ ತಂದುಬಿಡುತ್ತದೆ. ಅಲ್ಲಿಂದ ಎಸ್ಟೇಟು ಬಹಳ ದೂರವಲ್ಲ. ರೋರಿಕ್ ದಂಪತಿಗಳು ಬಂದ ಕಾಲದಲ್ಲಿ ಊರಾಚೆಯ ಕಾಡಾಗಿದ್ದ ಜಾಗದ ಬಾಗಿಲಿಗೆ ಇಂದು ನಗರವೇ ಬಂದು ನಿಂತಿದೆ. ಒಳಗನ್ನು ನೋಡುವ ಉದ್ದೇಶವುಳ್ಳವರು ಅನುಮತಿಯ ವಿಷಯವನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳಿತು.

ತೋಟದ ಒಡೆತನ

1993ರ ಜನವರಿ 30ರಂದು ಸ್ವೆತೊಸ್ಲಾವ್ ರೋರಿಕ್ ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು. ವರ್ಷವೊಂದು ಕಳೆದ ಮೇಲೆ, 1994ರ ಮಾರ್ಚ್ 9ರಂದು, ದೇವಿಕಾರಾಣಿಯವರೂ ಅವರನ್ನು ಹಿಂಬಾಲಿಸಿದರು. ಇಬ್ಬರ ಸಮಾಧಿಗಳೂ ತಾತಗುಣಿಯ ನೆಲದಲ್ಲಿಯೇ ಇವೆ. ಹಿಮಗಿರಿಯ ಮಡಿಲಿನಿಂದ ಬಂದವರು ಕಡೆಗೆ ಸೇರಿದ್ದು ಕನ್ನಡನಾಡಿನ ಮಣ್ಣನ್ನು.

ದಂಪತಿಗಳಿಗೆ ಮಕ್ಕಳಿರಲಿಲ್ಲ. ಅವರ ಇಳಿವಯಸ್ಸಿನಲ್ಲಿಯೇ ಎಸ್ಟೇಟಿನ ಸುತ್ತ ವ್ಯಾಜ್ಯದ ಹುತ್ತ ಬೆಳೆಯತೊಡಗಿತ್ತು. ತೋಟದ ಒಂದು ಭಾಗವನ್ನು ತಾನು ಕೊಂಡಿರುವುದಾಗಿ ಖಾಸಗಿ ಸಂಸ್ಥೆಯೊಂದು ಹೇಳಿಕೊಂಡಿತು. ಭೂಸುಧಾರಣೆ ಕಾಯಿದೆಯ ಮಿತಿಗೆ ಈ ಜಮೀನು ಒಳಪಡುವುದೆ, ಲಿನಲೋ ಬೆಳೆಗೆಂದು ವಿನಾಯಿತಿ ಉಂಟೆ ಎಂಬ ಪ್ರಶ್ನೆಗಳೂ ಎದ್ದುವು. ನಗರ ಬೆಳೆದಂತೆ ಆ ನೆಲದ ಬೆಲೆ ಏರುತ್ತಿತ್ತು. ಬೆಲೆ ಏರಿದ ನೆಲ ತುಂಡುತುಂಡಾಗಲು ಹೆಚ್ಚು ಕಾಲ ಬೇಕಾಗದೆಂಬುದು ಬೆಂಗಳೂರಿನವರೆಲ್ಲ ಬಲ್ಲ ಸಂಗತಿ. ಕೊನೆಗೆ ಕರ್ನಾಟಕ ಸರ್ಕಾರ ಈ ಒಂದು ಎಸ್ಟೇಟಿಗಾಗಿಯೇ ಕಾಯಿದೆಯನ್ನು ಮಾಡಿ, 1996ರಲ್ಲಿ ಅದನ್ನು ಚಿತ್ರಗಳು ಮತ್ತಿತರ ವಸ್ತುಗಳ ಸಮೇತ ಸಾರ್ವಜನಿಕರ ಹಿತಕ್ಕಾಗಿ ವಶಕ್ಕೆ ತೆಗೆದುಕೊಳ್ಳಲು ಮುಂದಾಯಿತು. ಅದನ್ನು ಪ್ರಶ್ನಿಸಿದ ವ್ಯಾಜ್ಯ ಮೆಟ್ಟಿಲು ಮೆಟ್ಟಿಲು ಹತ್ತಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 2011ರ ಆಗಸ್ಟ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನಪೀಠ ಸರ್ಕಾರದ ಕಾಯಿದೆಯನ್ನು ಎತ್ತಿಹಿಡಿಯಿತು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಲಾಗದು, ಕಸಿಯುವುದಾದರೆ ಸಾರ್ವಜನಿಕ ಉದ್ದೇಶವಿರಬೇಕು ಎಂಬ ವಿಚಾರಗಳನ್ನು ವಿವರಿಸಿದ ಆ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಚಿತ್ರಕಾರನೊಬ್ಬನ ತೋಟ ಹೀಗೆ ನ್ಯಾಯಶಾಸ್ತ್ರದ ಪುಸ್ತಕವನ್ನೂ ಹೊಕ್ಕಿತು.

ತೋಟ ತುಂಡಾಗದೆ ಉಳಿಯಿತು. ಇದು ಸಣ್ಣ ಮಾತಲ್ಲ. ಆದರೆ ಗೆದ್ದುಕೊಂಡ ನೆಲವನ್ನು ಉಳಿಸಿಕೊಳ್ಳುವ ಕೆಲಸ ತೀರ್ಪಿನಿಂದ ಮುಗಿಯುವಂಥದಲ್ಲ. ಟೆಂಪೆರಾ ಚಿತ್ರಗಳಿಗೆ ತೇವವೂ ಧೂಳೂ ಶತ್ರುಗಳು. ಅವಕ್ಕೆ ಅನುದಿನದ ಆರೈಕೆ ಬೇಕು. ಮರಗಳಿಗೆ ಆರೈಕೆ ಬೇಕು. ಆನೆಗಳಿಗೆ ದಾರಿ ಬೇಕು. ತಂದೆ ರೂಪಿಸಿದ ಒಪ್ಪಂದಕ್ಕೆ 21 ರಾಷ್ಟ್ರಗಳ ಸಹಿ ದೊರಕಿತು. ಮಗನ ತೋಟಕ್ಕೆ ಬೇಕಾದುದು ಕನ್ನಡಿಗರ ಅಕ್ಕರೆ. ಇದು ಯಾರೋ ವಿದೇಶೀಯರ ಆಸ್ತಿಯೆಂದು ಕಡೆಗಣಿಸಿದರೆ ನಷ್ಟ ಆ ದಂಪತಿಗಳಿಗಲ್ಲ. ಈ ನಾಡಿನ ಬೆಳಕನ್ನು ಕಂಡು ಬರೆದಿಟ್ಟ ಒಂದು ದಾಖಲೆ ನಮ್ಮ ಕೈ ಜಾರುತ್ತದೆ.

ಮತ್ತೆ ಬಂಡೆಯ ಎದುರಿಗೆ

ಕುಮಾರಕೃಪಾ ರಸ್ತೆಯ ಗ್ಯಾಲರಿಯನ್ನು ನೋಡಿ, ತಾತಗುಣಿಯ ಮರಗಳನ್ನು ಕಂಡು, ಸಂಜೆಯ ಬಸ್ಸಿನಲ್ಲಿ ಊರಿಗೆ ಹಿಂತಿರುಗುವವರ ಕಣ್ಣು ಹೋದಾಗಿನ ಕಣ್ಣಲ್ಲ. ಕೊರಟಗೆರೆ ದಾಟುವ ವೇಳೆಗೆ ಪಡುವಣದಲ್ಲಿ ಬೆಳಕು ಬಾಗಿರುತ್ತದೆ. ಬೆಳಗ್ಗೆ ಬರಿಯ ಬೂದುಗಲ್ಲಾಗಿದ್ದ ಬೆಟ್ಟ ಈಗ ಕಾವಿಯುಟ್ಟು ನಿಂತಿದೆ. ಕಡಲೆಕಾಯಿಯ ಹೊಲದಿಂದ ಮನೆಗೆ ಮರಳುವ ಹೆಂಗಸಿನ ತಲೆಯ ಮೇಲಿನ ಹೊರೆಯೂ ಹಿಂದಿನ ಬಂಡೆಯೂ ಒಂದೇ ಗೆರೆಯಲ್ಲಿ ಕೂಡುತ್ತವೆ. ‘ಈ ಚಿತ್ರವನ್ನು ಬೆಳಗ್ಗೆ ನೋಡಿದೆವಲ್ಲ!’ ಎಂದು ಬಸ್ಸಿನಲ್ಲಿದ್ದ ಮಗುವೊಂದು ಕೂಗಿದರೆ ಅಚ್ಚರಿಯಿಲ್ಲ.

ಇದೇ ಕಲ್ಲಿನ ಸಾಲಿನ ಎಷ್ಟೋ ಬೆಟ್ಟಗಳ ಮಗ್ಗುಲುಗಳು ಕಲ್ಲುಗಣಿಗಳಲ್ಲಿ ಕತ್ತರಿಸಿಹೋಗಿ, ನುಣುಪಾಗಿ, ಮನೆಮನೆಯ ನೆಲಗಟ್ಟಾಗಿವೆ. ಕೊಳ್ಳುವವನ ಕಣ್ಣಿಗೆ ಬೆಟ್ಟವೆಂದರೆ ಚದರಡಿಗಳ ಲೆಕ್ಕ. ಸೈನಿಕನ ಕಣ್ಣು ಕಂಡ ಕೋಟೆಗಳು ಪಾಳುಬಿದ್ದುವು; ವ್ಯಾಪಾರಿಯ ಕಣ್ಣು ಕಂಡ ಬಂಡೆ ಉಳಿಯುವುದೇ ಇಲ್ಲ. 250 ಕೋಟಿ ವರ್ಷ ಬಾಳಿದ ಕಲ್ಲಿಗೆ ಇನ್ನಷ್ಟು ಆಯುಷ್ಯ ಸಿಗಬೇಕಾದರೆ ಅದನ್ನು ಪ್ರೀತಿಯಿಂದ ನೋಡುವವರು ಅದರ ಬುಡದಲ್ಲಿಯೇ ಇರಬೇಕು.

ಬಲಸಮುದ್ರದಲ್ಲಿ ಕತ್ತಲಾಗುವ ಹೊತ್ತು. ನೇರಿಳೆಯ ಬಣ್ಣ ಇನ್ನೂ ಐದು ನಿಮಿಷ ಉಳಿದೀತು. ಬಸ್ಸಿನಿಂದಿಳಿದವರು ಚೀಲಗಳನ್ನು ನೆಲದ ಮೇಲಿಟ್ಟು, ಮನೆಯ ದಾರಿ ಹಿಡಿಯುವ ಮೊದಲು, ಒಮ್ಮೆ ಆ ಕಡೆಗೆ ತಿರುಗಿ ನಿಲ್ಲುತ್ತಾರೆ.